ಲೈಸೆನ್ಸ್ ರದ್ದಾದರೆ ಸೀದಾ ಹೈಕೋರ್ಟಿಗೆ ಹೋಗಬಹುದಾ?

ಪ್ರಶ್ನೆ: ನಾನು ಮುಂಬೈಯ ಮುಲುಂಡ್ ಕಡೆ 22 ವರ್ಷದಿಂದ ಒಂದು ಸಣ್ಣ ಹೋಟೆಲ್ ನಡೆಸುತ್ತಿದ್ದೇನೆ. ಊರು ಕುಂದಾಪುರದ ಹತ್ತಿರ. ಹೋದ ತಿಂಗಳು ಲೈಸೆನ್ಸ್ ಕಚೇರಿಯಿಂದ ಒಂದು ಪುಟದ ಕಾಗದ ಬಂತು. ಷರತ್ತು ಮುರಿದಿದ್ದಕ್ಕೆ ಲೈಸೆನ್ಸ್ ರದ್ದು ಅಂತ ಇದೆ. ಯಾವ ಷರತ್ತು ಅಂತ ಬರೆದಿಲ್ಲ. ಅದಕ್ಕೆ ಮೊದಲು ಒಂದು ನೋಟಿಸೂ ಬಂದಿರಲಿಲ್ಲ. ನಮ್ಮ ಪರಿಚಯದವರೊಬ್ಬರು ಹೇಳುತ್ತಾರೆ: "ಡಾನ್ಸ್ ಬಾರಿನವರು ಸಂವಿಧಾನದ ಪ್ರಶ್ನೆ ಎತ್ತಿ ಹೈಕೋರ್ಟಿನಲ್ಲಿ ಗೆದ್ದರಲ್ಲ, ನೀವೂ ಕಾನೂನನ್ನೇ ಚಾಲೆಂಜ್ ಮಾಡಿ." ಮಗ ಸುಪ್ರೀಂ ಕೋರ್ಟಿಗೇ ಹೋಗೋಣ ಅನ್ನುತ್ತಾನೆ. ಇನ್ನೊಂದು ವಿಷಯ. ಊರಲ್ಲಿ ಅಕ್ಕನ ಜಾಗದ ಪಹಣಿಯಲ್ಲಿ ಬೇರೆ ಯಾರದೋ ಹೆಸರು ಬಂದಿದೆ. ಅಕ್ಕ ಈಗ ಮುಂಬೈಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಎರಡನ್ನೂ ಇಲ್ಲಿನ ಹೈಕೋರ್ಟಿನಲ್ಲೇ ಹಾಕಬಹುದಾ?

ಉತ್ತರ: ಮೊದಲು ಒಂದು ಮಾತು. ಆ ಕಾಗದ ಬಂದ ಲಕೋಟೆ ಎಲ್ಲಿದೆ? ಗಲ್ಲಾಪೆಟ್ಟಿಗೆಯ ಅಡಿಯಲ್ಲೋ, ಬಿಲ್ ಪುಸ್ತಕದ ನಡುವೆಯೋ ಇದ್ದರೆ ಈಗಲೇ ತೆಗೆದು ಜೋಪಾನ ಮಾಡಿ. ಆದೇಶದ ಮೇಲೆ ಅವರು ಬರೆದ ತಾರೀಕು ಬೇರೆ, ಅದು ನಿಮ್ಮ ಕೈಗೆ ಬಂದ ತಾರೀಕು ಬೇರೆ. ಎರಡನೆಯದಕ್ಕೆ ಅಂಚೆಯ ಮುದ್ರೆಯೇ ಸಾಕ್ಷಿ. ಮೂವತ್ತು ವರ್ಷಕ್ಕಿಂತ ಜಾಸ್ತಿ ಮುಂಬೈಯ ಫೋರ್ಟ್ ಪ್ರದೇಶದಲ್ಲಿ ವಕೀಲಿ ಮಾಡಿದ್ದೇನೆ. ಲಕೋಟೆ ಇಟ್ಟುಕೊಂಡು ಬಂದ ಕಕ್ಷಿದಾರರನ್ನು ಬೆರಳಲ್ಲಿ ಎಣಿಸಬಹುದು.

ಈಗ ಉತ್ತರ. ಹೋಟೆಲಿನ ವಿಷಯಕ್ಕೆ ಹೈಕೋರ್ಟಿಗೆ ಹೋಗಬಹುದು. ಆದರೆ ಕಾನೂನನ್ನು ಚಾಲೆಂಜ್ ಮಾಡಲು ಹೋಗಬೇಡಿ. ಸುಪ್ರೀಂ ಕೋರ್ಟ್ ಬೇಡ. ಅಕ್ಕನ ಜಾಗದ ವಿಷಯ ಮುಂಬೈಯಲ್ಲಿ ನಡೆಯುವುದಿಲ್ಲ.

ಹೈಕೋರ್ಟ್ ಅಂದರೆ ದೊಡ್ಡ ಕೋರ್ಟ್, ಅಲ್ಲಿ ದೊಡ್ಡ ಮಾತನ್ನೇ ಆಡಬೇಕು ಅನ್ನುವ ಭಾವನೆ ನಮ್ಮವರಲ್ಲಿ ತುಂಬ ಇದೆ. ಅರ್ಜಿಯಲ್ಲಿ ಸಂವಿಧಾನದ 14, 19, 21 ಅಂತ ಮೂರು ವಿಧಿಗಳನ್ನು ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಹಾಕಿದರೆ ಕೇಸು ಗಟ್ಟಿಯಾಗುತ್ತದೆ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ನ್ಯಾಯಾಧೀಶರು ಮಾಡುವುದು ಇದರ ಉಲ್ಟಾ. ಸಂವಿಧಾನದ ಪ್ರಶ್ನೆಯನ್ನು ಮುಟ್ಟದೆಯೇ ಕೇಸು ಮುಗಿಸಬಹುದಾದರೆ ಅವರು ಮುಟ್ಟುವುದೇ ಇಲ್ಲ. ಅದು ಹಳೆಯ ಪದ್ಧತಿ, ಒಳ್ಳೆಯ ಪದ್ಧತಿಯೂ ಹೌದು.

ಸರಕಾರದ ವಿರುದ್ಧದ ತಕರಾರಿನಲ್ಲಿ ಮೂರು ಬೇರೆ ಬೇರೆ ಸಂಗತಿ ಇರಬಹುದು. ಶಾಸಕಾಂಗ ಮಾಡಿದ ಕಾನೂನೇ ತಪ್ಪು ಅನ್ನುವುದು ಒಂದು. ಕಾನೂನು ಸರಿ, ಅದರಡಿ ಮಾಡಿದ ನಿಯಮ ಅದರ ಮಿತಿ ಮೀರಿದೆ ಅನ್ನುವುದು ಇನ್ನೊಂದು. ಕಾನೂನೂ ಸರಿ, ನಿಯಮವೂ ಸರಿ, ಆದರೆ ನನಗೆ ಕೊಟ್ಟ ಈ ಒಂದು ಪುಟದ ಆದೇಶ ಕೊಟ್ಟ ರೀತಿ ಸರಿಯಿಲ್ಲ ಅನ್ನುವುದು ಮೂರನೆಯದು. ನಿಮ್ಮದು ಮೂರನೆಯದು. ಡಾನ್ಸ್ ಬಾರಿನವರದು ಮೊದಲನೆಯದು. ಅವರಿಗೆ ಬೇರೆ ದಾರಿಯೇ ಇರಲಿಲ್ಲ.

ಆ ಕೇಸಿನ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದರಲ್ಲಿ ಗೆದ್ದ ಮಾತು ಎಲ್ಲರಿಗೂ ಗೊತ್ತು, ಉಳಿದದ್ದು ಯಾರಿಗೂ ನೆನಪಿಲ್ಲ. 2005ರಲ್ಲಿ ಮಹಾರಾಷ್ಟ್ರ ಸರಕಾರ ಪೊಲೀಸ್ ಕಾಯ್ದೆಗೆ ಎರಡು ಕಲಂ ಸೇರಿಸಿತು. 33ಎ ಪ್ರಕಾರ ಹೋಟೆಲ್, ಪರ್ಮಿಟ್ ರೂಂ, ಬಿಯರ್ ಬಾರುಗಳಲ್ಲಿ ಡಾನ್ಸ್ ಬಂದ್. 33ಬಿ ಪ್ರಕಾರ ಮೂರು ಸ್ಟಾರ್ ಮತ್ತು ಅದಕ್ಕೆ ಮೇಲ್ಪಟ್ಟ ಹೋಟೆಲುಗಳಿಗೂ ಜಿಮಖಾನಾಗಳಿಗೂ ರಿಯಾಯಿತಿ. ಅಂದರೆ ಅದೇ ಹಾಡು, ಅದೇ ಕುಣಿತ, ಘಾಟ್ಕೋಪರಿನ ಬಾರಿನಲ್ಲಿ ಅಪರಾಧ, ಸ್ಟಾರ್ ಹೋಟೆಲಿನಲ್ಲಿ ಮನರಂಜನೆ. ಹೋಟೆಲಿನವರ ಸಂಘ, ನಾವೆಲ್ಲ 'ಆಹಾರ್' ಅಂತ ಕರೆಯುವ ಇಂಡಿಯನ್ ಹೋಟೆಲ್ ಅಂಡ್ ರೆಸ್ಟೋರೆಂಟ್ಸ್ ಅಸೋಸಿಯೇಷನ್, ಹೈಕೋರ್ಟಿಗೆ ಹೋಯಿತು. ಬಾರಿನಲ್ಲಿ ಕುಣಿಯುತ್ತಿದ್ದ ಹೆಂಗಸರ ಕಡೆಯಿಂದಲೂ ಅರ್ಜಿಗಳು ಬಂದವು. 2006ರ ಏಪ್ರಿಲ್ 12ರಂದು ನ್ಯಾಯಮೂರ್ತಿ ರೆಬೆಲ್ಲೊ ಮತ್ತು ನ್ಯಾಯಮೂರ್ತಿ ರೋಶನ್ ದಳವಿ ಅವರ ಪೀಠ ಆ ಕಲಮುಗಳನ್ನು ರದ್ದು ಮಾಡಿತು. ಸಮಾನತೆ ಕೊಡುವ 14ನೇ ವಿಧಿಗೂ, ಉದ್ಯೋಗದ ಸ್ವಾತಂತ್ರ್ಯ ಕೊಡುವ 19ನೇ ವಿಧಿಗೂ ಇದು ವಿರುದ್ಧ ಅಂತ.

ಗೆದ್ದರು, ಅಲ್ವಾ? ಆದರೆ ಡಾನ್ಸ್ ಶುರುವಾಗಲಿಲ್ಲ. ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು, ಹೈಕೋರ್ಟಿನ ತೀರ್ಪು ತಡೆಯಲ್ಲೇ ಉಳಿಯಿತು. ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿದದ್ದು 2013ರ ಜುಲೈ 16ಕ್ಕೆ. ಮುಂದಿನ ವರ್ಷ ಸರಕಾರ ಸ್ಟಾರ್ ಹೋಟೆಲಿನ ರಿಯಾಯಿತಿಯನ್ನೇ ತೆಗೆದು ನಿಷೇಧವನ್ನು ಮತ್ತೆ ತಂದಿತು. ಅದಕ್ಕೆ 2015ರಲ್ಲಿ ತಡೆ ಸಿಕ್ಕಿತು. 2016ರಲ್ಲಿ ಇನ್ನೊಂದು ಹೊಸ ಕಾನೂನು ಬಂತು. ಅದರ ಹಲವು ಷರತ್ತು ಬಿದ್ದುಹೋದದ್ದು 2019ರ ಜನವರಿಯಲ್ಲಿ. ಲೆಕ್ಕ ಹಾಕಿ, 2005ರಿಂದ 2019ರ ತನಕ 14 ವರ್ಷ. ನಿಮ್ಮ ಇಡ್ಲಿ ಹಿಟ್ಟು ಅಷ್ಟು ದಿನ ಕಾಯುತ್ತದಾ ಮಾರಾಯ್ರೇ?

ತಡ ಯಾಕೆ ಆಗುತ್ತದೆ ಅಂತ ಕೇಳಿದರೆ, ಅದಕ್ಕೂ ಕಾರಣ ಇದೆ. ಕಾನೂನಿನ ಸಿಂಧುತ್ವ ಪ್ರಶ್ನಿಸಿದರೆ ಇಬ್ಬರು ನ್ಯಾಯಾಧೀಶರ ಪೀಠ ಕೇಳಬೇಕು. ರಾಜ್ಯದ ಕಾನೂನಾದರೆ ಅಡ್ವೊಕೇಟ್ ಜನರಲ್ ಅವರಿಗೆ, ಕೇಂದ್ರದ್ದಾದರೆ ಅಟಾರ್ನಿ ಜನರಲ್ ಅವರಿಗೆ ನೋಟಿಸ್ ಹೋಗಬೇಕು. ಸರಕಾರ ಉತ್ತರ ಬರೆಯಲು ಸಮಯ ಕೇಳುತ್ತದೆ, ಕೋರ್ಟ್ ಕೊಡುತ್ತದೆ. ಇಬ್ಬರು ನ್ಯಾಯಾಧೀಶರಿಗೆ ಒಮ್ಮತ ಆಗದಿದ್ದರೆ ಮೂರನೆಯವರ ಹತ್ತಿರ ಹೋಗಬೇಕು. ಇಂಟರ್ನೆಟ್ಟಿನಲ್ಲಿ ಸರಕಾರದ ಬಗ್ಗೆ ಬರುವ ಸುದ್ದಿ ಸುಳ್ಳೋ ನಿಜವೋ ಅಂತ ಸರಕಾರದ ಘಟಕವೇ ಹೇಳುವ ನಿಯಮ ಬಂದಿತ್ತಲ್ಲ, ಹಾಸ್ಯ ಕಲಾವಿದ ಕುನಾಲ್ ಕಾಮ್ರಾ ಅವರು ಇದೇ ಮುಂಬೈ ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದು? 2024ರ ಜನವರಿ ಕೊನೆಗೆ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ಅಭಿಪ್ರಾಯ ಬರೆದರು. ಮೂರನೆಯವರು ನಿಯಮ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿದ್ದು ಆ ವರ್ಷದ ಸೆಪ್ಟೆಂಬರ್ 20ಕ್ಕೆ. ದೇಶದ ಮಟ್ಟದ ಪ್ರಶ್ನೆಗೆ ಅಷ್ಟು ಸಮಯ ಬೇಕು. ಒಂದು ಹೋಟೆಲಿನ ಲೈಸೆನ್ಸಿಗೆ ಬೇಡ.

ಹಾಗಾದರೆ ನಿಮ್ಮ ಕೈಯಲ್ಲಿ ಏನಿದೆ? ಎರಡು ಗಟ್ಟಿ ಅಂಶ ಇವೆ. ನೀವೇ ಪ್ರಶ್ನೆಯಲ್ಲಿ ಬರೆದಿದ್ದೀರಿ, ಆದರೆ ಅದನ್ನು ಸಣ್ಣದು ಅಂದುಕೊಂಡಿದ್ದೀರಿ.

ಒಂದು, ನಿಮ್ಮ ಮಾತು ಕೇಳಲೇ ಇಲ್ಲ. ಒಬ್ಬನ ಹೊಟ್ಟೆಪಾಡಿಗೆ ಕೈಹಾಕುವ ಮೊದಲು ಅವನಿಗೆ ನೋಟಿಸ್ ಕೊಡಬೇಕು, ಅವನು ಹೇಳುವುದನ್ನು ಕೇಳಬೇಕು. ಮುಂಬೈಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 1981ರ ಮಳೆಗಾಲದಲ್ಲಿ ಇಲ್ಲಿನ ಫುಟ್‌ಪಾತ್ ಮೇಲೆ ಬದುಕುತ್ತಿದ್ದವರನ್ನು ಎಬ್ಬಿಸಲು ಹೊರಟಾಗ ಹುಟ್ಟಿದ ಓಲ್ಗಾ ಟೆಲಿಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿತು, ಬದುಕುವ ಹಕ್ಕಿನೊಳಗೆ ಹೊಟ್ಟೆ ಹೊರೆಯುವ ಹಕ್ಕೂ ಸೇರಿದೆ ಅಂತ. ನೋಟಿಸ್ ಇಲ್ಲದೆ ತೆಗೆಯಬಹುದು ಅಂತ ಅಲ್ಲಿನ ಕಾನೂನಿನಲ್ಲಿತ್ತು. ಕೊಡದೆಯೂ ತೆಗೆಯಬಹುದು ಅಂದ ಮಾತ್ರಕ್ಕೆ ಕೊಡಲೇಬಾರದು ಅಂತ ಅರ್ಥ ಅಲ್ಲ ಅಂತ ಕೋರ್ಟ್ ವಿವರಿಸಿತು. ಒಂದು ವಿಷಯ ಮಾತ್ರ ಗಮನಿಸಿ. ಅಷ್ಟು ದೊಡ್ಡ ತತ್ವ ಗೆದ್ದರೂ ಕೋರ್ಟ್ ಆ ಕಲಮನ್ನು ರದ್ದು ಮಾಡಲಿಲ್ಲ. ಮಳೆಗಾಲ ಮುಗಿದ ಮೇಲೆ ಜೋಪಡಿ ತೆಗೆಯಲು ಒಪ್ಪಿಗೆಯೂ ಸಿಕ್ಕಿತು.

ಎರಡು, ಆದೇಶದಲ್ಲಿ ಕಾರಣ ಇಲ್ಲ. ಇದು ನಿಮಗೆ ತುಂಬ ಅನುಕೂಲ. 1977ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮೊಹಿಂದರ್ ಸಿಂಗ್ ಗಿಲ್ ತೀರ್ಪಿನ ಪ್ರಕಾರ ಆದೇಶದಲ್ಲಿ ಬರೆದ ಕಾರಣದ ಮೇಲೆಯೇ ಅದು ನಿಲ್ಲಬೇಕು ಅಥವಾ ಬೀಳಬೇಕು. ಆಮೇಲೆ ಕೋರ್ಟಿಗೆ ಬಂದು ಅಫಿಡವಿಟ್‌ನಲ್ಲಿ "ಅಡುಗೆಮನೆ ಕೊಳಕಾಗಿತ್ತು, ಗ್ಯಾಸ್ ಸಿಲಿಂಡರ್ ಜಾಸ್ತಿ ಇತ್ತು" ಅಂತ ಹೊಸ ಕಾರಣ ಸೇರಿಸಲು ಬರುವುದಿಲ್ಲ.

ಕಚೇರಿಯ ವಕೀಲರು ಎದ್ದು ನಿಂತು ಹೇಳುವ ಮೊದಲ ಮಾತು ಏನು ಗೊತ್ತಾ? "ಮೇಲಿನ ಅಧಿಕಾರಿಗೆ ಅಪೀಲು ಮಾಡಬಹುದಿತ್ತು, ಸೀದಾ ಇಲ್ಲಿಗೆ ಯಾಕೆ ಬಂದರು?" ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಬೇರೆ ದಾರಿ ಇದ್ದರೆ ಹೈಕೋರ್ಟ್ ಸಾಮಾನ್ಯವಾಗಿ ಅಲ್ಲಿಗೇ ಕಳಿಸುತ್ತದೆ. ಆದರೆ 1998ರ ವರ್ಲ್‌ಪೂಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಅಪವಾದಗಳನ್ನು ಹೇಳಿದೆ. ಅದೂ ಮುಂಬೈ ಹೈಕೋರ್ಟ್ ರಿಟ್ ಅರ್ಜಿ (ಸರಕಾರಿ ಕಚೇರಿಯ ವಿರುದ್ಧ ಹೈಕೋರ್ಟಿಗೆ ಸೀದಾ ಹಾಕುವ ಅರ್ಜಿ) ವಜಾ ಮಾಡಿದ ಮೇಲೆ ಮೇಲಕ್ಕೆ ಹೋದ ಕೇಸೇ. ಮೂಲಭೂತ ಹಕ್ಕಿನ ಪ್ರಶ್ನೆ ಇದ್ದರೆ, ಮಾತು ಕೇಳದೆ ಆದೇಶ ಮಾಡಿದ್ದರೆ, ಅಧಿಕಾರವೇ ಇಲ್ಲದವರು ಆದೇಶ ಮಾಡಿದ್ದರೆ ಅಥವಾ ಕಾನೂನಿನ ಸಿಂಧುತ್ವವೇ ಪ್ರಶ್ನೆಯಾಗಿದ್ದರೆ ಬೇರೆ ದಾರಿ ಇದ್ದರೂ ಹೈಕೋರ್ಟ್ ಕೇಳಬಹುದು. ನಿಮ್ಮದು ಎರಡನೆಯದರಲ್ಲಿ ಬರುತ್ತದೆ. 'ಕೇಳಬಹುದು' ಅಂದೆ, 'ಕೇಳಲೇಬೇಕು' ಅನ್ನಲಿಲ್ಲ. ಹಾಗಾಗಿ ನಿಮ್ಮ ಕಾಯ್ದೆಯಲ್ಲಿ ಅಪೀಲಿಗೆ ದಾರಿ ಇದೆಯಾ, ಅದರ ಅವಧಿ ಮುಗಿಯುತ್ತಾ ಬಂದಿದೆಯಾ ಅಂತ ವಕೀಲರ ಹತ್ತಿರ ಮೊದಲ ದಿನವೇ ಕೇಳಿ.

ಗೆದ್ದರೆ ಏನು ಸಿಗುತ್ತದೆ ಅನ್ನುವುದನ್ನೂ ತಿಳಿದುಕೊಳ್ಳಿ. ಹೈಕೋರ್ಟ್ ನಿಮ್ಮ ಅಡುಗೆಮನೆ ಶುಚಿಯಾಗಿದೆ ಅಂತ ಸರ್ಟಿಫಿಕೇಟ್ ಕೊಡುವುದಿಲ್ಲ. ರಿಟ್ ಅರ್ಜಿಯಲ್ಲಿ ಸಾಕ್ಷಿಗಳ ವಿಚಾರಣೆ ಸಾಮಾನ್ಯವಾಗಿ ನಡೆಯುವುದಿಲ್ಲ, ಕಾಗದ ನೋಡಿ ತೀರ್ಮಾನ. ಕೋರ್ಟ್ ನೋಡುವುದು ನಿರ್ಧಾರ ಒಳ್ಳೆಯದೋ ಕೆಟ್ಟದ್ದೋ ಅಂತಲ್ಲ, ನಿರ್ಧಾರ ಮಾಡಿದ ರೀತಿ ಸರಿಯಾ ಅಂತ. ಜಾಸ್ತಿ ಸಂಭವ ಇರುವುದು ಇದು: ಆದೇಶ ರದ್ದಾಗುತ್ತದೆ, ನೋಟಿಸ್ ಕೊಟ್ಟು, ಕೇಳಿ, ಕಾರಣ ಬರೆದು ಹೊಸದಾಗಿ ನಿರ್ಧರಿಸಿ ಅಂತ ಕಚೇರಿಗೆ ವಾಪಸ್ ಹೋಗುತ್ತದೆ. ಆಗ ಪೇಢೆ ಹಂಚಬೇಡಿ. ಪೆಸ್ಟ್ ಕಂಟ್ರೋಲ್ ರಸೀದಿ, ನೀರಿನ ಟ್ಯಾಂಕ್ ತೊಳೆಸಿದ ಬಿಲ್, ಕೆಲಸದ ಹುಡುಗರ ಮೆಡಿಕಲ್ ಕಾಗದ ಎಲ್ಲ ರೆಡಿ ಮಾಡಿಕೊಳ್ಳಿ. ನಿಜವಾದ ವಿಚಾರಣೆ ಶುರುವಾಗುವುದು ಆಗಲೇ.

ಅರ್ಜಿ ಹಾಕುವ ಮೊದಲು ಇನ್ನೊಂದು ಪ್ರಶ್ನೆ, ಸ್ವಲ್ಪ ಮುಜುಗರದ್ದು. ಲೈಸೆನ್ಸ್ ಯಾರ ಹೆಸರಲ್ಲಿದೆ? ನಮ್ಮ ಕಡೆಯವರ ಎಷ್ಟೋ ಹೋಟೆಲುಗಳು ಕಂಡಕ್ಟಿಂಗ್ ಮೇಲೆ ನಡೆಯುತ್ತವೆ. ಲೈಸೆನ್ಸ್ ಮೂಲ ಮಾಲೀಕರ ಹೆಸರಲ್ಲಿ, ಗಲ್ಲೆಯಲ್ಲಿ ಕೂರುವವರು ಬೇರೆ. ಹಾಗಿದ್ದರೆ ಲೈಸೆನ್ಸ್ ಇರುವವರೂ ಅರ್ಜಿದಾರರಾಗಬೇಕು. ಇಲ್ಲವಾದರೆ "ಇವರು ಯಾರು?" ಅನ್ನುವ ಒಂದೇ ಪ್ರಶ್ನೆಗೆ ಕೇಸು ಮುಗಿಯುತ್ತದೆ. ಕಂಡಕ್ಟಿಂಗ್ ಕರಾರನ್ನು ಮುಚ್ಚಿಡಲೂ ಬೇಡಿ. ವರ್ಷಗಳ ಹಿಂದೆ ನನ್ನ ಹತ್ತಿರ ಒಬ್ಬರು ಬಂದಿದ್ದರು. "ಒಂದೂ ನೋಟಿಸ್ ಬಂದಿಲ್ಲ ಸಾರ್" ಅಂತ ದೇವರ ಮೇಲೆ ಆಣೆ ಹಾಕಿದರು. ನಾನು ಹಾಗೆಯೇ ಬರೆದೆ. ಎದುರಿನವರು ಅವರ ಮ್ಯಾನೇಜರ್ ಸಹಿ ಮಾಡಿ ತೆಗೆದುಕೊಂಡ ನೋಟಿಸಿನ ಪ್ರತಿ ತೋರಿಸಿದರು. ಐದೇ ನಿಮಿಷ, ಅರ್ಜಿ ವಜಾ, ಮೇಲೆ ದಂಡ. ಸತ್ಯ ಮುಚ್ಚಿಟ್ಟು ಬಂದವರಿಗೆ, ಹೈಕೋರ್ಟಿಗೆ ರಿಟ್ ಅಧಿಕಾರ ಕೊಡುವ ಸಂವಿಧಾನದ 226ನೇ ವಿಧಿ ಸಹಾಯಕ್ಕೆ ಬರುವುದಿಲ್ಲ. ನಿಮ್ಮ ಮ್ಯಾನೇಜರನ್ನೂ, ರಾತ್ರಿ ಪಾಳಿಯ ಹುಡುಗನನ್ನೂ ಇವತ್ತೇ ಕೇಳಿ, ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದೀರಾ ಅಂತ.

ಹಾಗೆಯೇ, ಜಗಳ ಸರಕಾರಿ ಕಚೇರಿಯ ಜೊತೆಗೋ, ಜಾಗದ ಮಾಲೀಕನ ಜೊತೆಗೋ ಅಂತ ಸ್ಪಷ್ಟ ಮಾಡಿಕೊಳ್ಳಿ. ರಿಟ್ ನಡೆಯುವುದು ಸಾಮಾನ್ಯವಾಗಿ ಸರಕಾರ ಮತ್ತು ಅದರ ಸಂಸ್ಥೆಗಳ ವಿರುದ್ಧ. ಪಗಡಿ (ಮೊದಲೇ ದೊಡ್ಡ ಮೊತ್ತ ಕೊಟ್ಟು ಬಾಡಿಗೆಗೆ ಹಿಡಿದ) ಜಾಗದ ಬಾಡಿಗೆ ಜಗಳವಾದರೆ ಧೋಬಿ ತಲಾವ್‌ನ ಸ್ಮಾಲ್ ಕಾಸಸ್ ಕೋರ್ಟ್.

ಮುಲುಂಡ್ ಅಂದಿರಿ. ಅದು ಬೃಹನ್ಮುಂಬೈ ಒಳಗೇ ಬರುವುದರಿಂದ ನಿಮ್ಮ ಅರ್ಜಿ ಹೈಕೋರ್ಟಿನ ಒರಿಜಿನಲ್ ಸೈಡ್ ಅನ್ನುವ ವಿಭಾಗದಲ್ಲಿ ಹೋಗುತ್ತದೆ. ಚೆಕ್ ನಾಕಾ ದಾಟಿ ಠಾಣೆ ಕಡೆ ಹೋಟೆಲ್ ಇದ್ದಿದ್ದರೆ ಅಪೆಲೆಟ್ ಸೈಡ್. ಕಟ್ಟಡ ಅದೇ, ಓವಲ್ ಮೈದಾನದ ಎದುರಿಗೆ 1878ರಿಂದ ನಿಂತಿರುವ ಕಲ್ಲಿನ ಕಟ್ಟಡ. ಆದರೆ ನಿಯಮದ ಪುಸ್ತಕ ಬೇರೆ, ಫೈಲಿಂಗ್ ಕೌಂಟರ್ ಬೇರೆ. ಕೋರ್ಟು ಹುಟ್ಟಿದ್ದು 1862ರಲ್ಲಿ, ಈ ಎರಡು ಸೈಡಿನ ವ್ಯವಸ್ಥೆ ಆ ಕಾಲದ ಉಳಿಕೆ. ಹೊಸ ವಕೀಲರೂ ಇಲ್ಲಿ ಎಡವುತ್ತಾರೆ, ನೀವು ತಲೆ ಕೆಡಿಸಿಕೊಳ್ಳಬೇಡಿ. ಅರ್ಜಿ ಹಾಕಿ ನಂಬರ್ ಸಿಕ್ಕ ಮೇಲೆ ತುರ್ತು ಇದ್ದರೆ ವಕೀಲರು ಪ್ರೆಸಿಪಿ, ಅಂದರೆ ಬೇಗ ಕೇಳಿ ಅನ್ನುವ ಕೋರಿಕೆ ಚೀಟಿ, ಕೊಟ್ಟು ನ್ಯಾಯಾಧೀಶರ ಮುಂದೆ ಮೆನ್ಷನ್ ಮಾಡುತ್ತಾರೆ. ಆಗ ಬೇಗ ಬೋರ್ಡಿಗೆ, ಅಂದರೆ ಆ ದಿನದ ಕೇಸುಗಳ ಪಟ್ಟಿಗೆ, ಬರುತ್ತದೆ. ಮೊದಲ ದಿನ ಕೇಳುವುದು ಆಡ್-ಇಂಟರಿಮ್ (ಸದ್ಯದ ತಾತ್ಕಾಲಿಕ) ತಡೆ. ಎದುರಿನವರ ಮಾತು ಕೇಳದೆ, ಅವರಿಗೆ ಕಾಗದವನ್ನೂ ಕೊಡದೆ ತಡೆ ಸಿಕ್ಕಿದ್ದರೆ ಅದು ಗಟ್ಟಿ ಅಂತ ನಂಬಬೇಡಿ. ಅದನ್ನು ತೆಗೆಯಿರಿ ಅಂತ ಅವರು ಅರ್ಜಿ ಕೊಟ್ಟರೆ ಎರಡು ವಾರದೊಳಗೆ ತೀರ್ಮಾನ ಆಗಬೇಕು, ಆಗದಿದ್ದರೆ ತಡೆ ತಾನಾಗಿಯೇ ಬಿದ್ದುಹೋಗುತ್ತದೆ ಅಂತ 226ನೇ ವಿಧಿಯಲ್ಲೇ ಇದೆ. ಅದಕ್ಕೆ ನಾನು ಯಾವಾಗಲೂ ಎದುರಿನವರಿಗೆ ಮೊದಲೇ ಅರ್ಜಿಯ ಪ್ರತಿ ಮುಟ್ಟಿಸಿಯೇ ಕೋರ್ಟಿಗೆ ಹೋಗುತ್ತಿದ್ದೆ.

ಮಗನ ಸುಪ್ರೀಂ ಕೋರ್ಟ್ ಮಾತಿಗೆ ಎರಡೇ ವಾಕ್ಯ. 32ನೇ ವಿಧಿಯಲ್ಲಿ ಅಲ್ಲಿಗೆ ಸೀದಾ ಹೋಗುವುದು ಮೂಲಭೂತ ಹಕ್ಕಿಗೆ ಮಾತ್ರ, 226ನೇ ವಿಧಿಯಲ್ಲಿ ಹೈಕೋರ್ಟಿನ ಅಧಿಕಾರ ಅದಕ್ಕಿಂತ ಅಗಲ. ದಿಲ್ಲಿಗೆ ಹೋದರೆ "ನಿಮ್ಮ ಹೈಕೋರ್ಟಿಗೆ ಹೋದಿರಾ?" ಅಂತ ಕೇಳಿ ವಾಪಸ್ ಕಳಿಸುವ ಸಾಧ್ಯತೆಯೇ ಜಾಸ್ತಿ, ವಿಮಾನದ ಟಿಕೆಟ್ ದಂಡ.

ಈಗ ಅಕ್ಕನ ಜಾಗ. ಅಕ್ಕ ಮುಂಬೈಯಲ್ಲಿ ಇದ್ದಾರೆ ಅನ್ನುವ ಕಾರಣಕ್ಕೆ ಕೇಸು ಮುಂಬೈಗೆ ಬರುವುದಿಲ್ಲ. ಮೊದಲು ನಿಯಮ ಇನ್ನೂ ಬಿಗಿಯಾಗಿತ್ತು. ಯಾವ ಕಚೇರಿಯ ವಿರುದ್ಧ ದೂರೋ ಆ ಕಚೇರಿ ಇರುವ ಕಡೆಯ ಹೈಕೋರ್ಟಿಗೆ ಮಾತ್ರ ಅಧಿಕಾರ. 1963ರಲ್ಲಿ 15ನೇ ತಿದ್ದುಪಡಿ ಬಂದ ಮೇಲೆ, ತಕರಾರಿಗೆ ಕಾರಣವಾದ ಘಟನೆ ಪೂರ್ತಿಯಾಗಿಯೋ ಭಾಗಶಃವೋ ನಡೆದ ಕಡೆಯ ಹೈಕೋರ್ಟೂ ಕೇಳಬಹುದು ಅಂತಾಯಿತು. 2004ರ ಕುಸುಮ್ ಇಂಗಾಟ್ಸ್ ಕೇಸ್ ನೋಡಿ. ಮುಂಬೈಯಲ್ಲಿ ನೋಂದಾಯಿತ ಕಚೇರಿ ಇರುವ ಕಂಪನಿ, ಸಾಲ ತೆಗೆದದ್ದು ಭೋಪಾಲದಲ್ಲಿ, ಕೇಸು ಹಾಕಿದ್ದು ದಿಲ್ಲಿಯಲ್ಲಿ, ಕಾನೂನು ಮಾಡಿದ ಪಾರ್ಲಿಮೆಂಟ್ ಅಲ್ಲಿದೆ ಅನ್ನುವ ಕಾರಣಕ್ಕೆ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನಿಮ್ಮಲ್ಲಿ ಜಾಗ ಕುಂದಾಪುರದ್ದು, ಪಹಣಿ ಬದಲಾಯಿಸಿದ ಕಚೇರಿ ಅಲ್ಲಿನದ್ದು, ಹೆಸರು ಸೇರಿಸಿಕೊಂಡವರೂ ಅಲ್ಲಿನವರು. ಮುಂಬೈಯಲ್ಲಿ ನಡೆದದ್ದು ಅಕ್ಕನಿಗೆ ವಿಷಯ ಗೊತ್ತಾದದ್ದು ಮಾತ್ರ.

(ಬೆಳಗಾವಿ, ಧಾರವಾಡ, ಕಾರವಾರದ ಹಿರಿಯರು "ನಮ್ಮಪ್ಪನ ಜಮೀನಿನ ಕೇಸು ಮುಂಬೈ ಹೈಕೋರ್ಟಿನಲ್ಲೇ ನಡೆದಿತ್ತು" ಅಂದರೆ ಅದು ನಿಜ. 1956ರ ನವೆಂಬರ್ 1ರ ತನಕ ಆ ಜಿಲ್ಲೆಗಳು ಮುಂಬೈಗೇ ಸೇರಿದ್ದವು. ಕುಂದಾಪುರ ಆಗಲೂ ಮದ್ರಾಸಿನ ಕಡೆ.)

ಅಲ್ಲಿಯೂ ಹೈಕೋರ್ಟ್ ಮೊದಲ ಮೆಟ್ಟಿಲಲ್ಲ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ನೇ ಕಾಲಂನಲ್ಲಿ ಆ ಹೆಸರು ಹೇಗೆ ಬಂತು ಅನ್ನುವ ವಿವರ ಇರುತ್ತದೆ. ಅಲ್ಲಿನ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ನಂಬರ್ ಹಿಡಿದು ಮ್ಯುಟೇಷನ್, ಅಂದರೆ ಹೆಸರು ಬದಲಾವಣೆಯ, ಪ್ರತಿ ತೆಗೆಸಿ. ಮಾರಾಟವೋ, ಪಾಲೋ, ಪೌತಿ ಖಾತೆಯೋ ಗೊತ್ತಾಗುತ್ತದೆ. ಅದರ ವಿರುದ್ಧ ಕರ್ನಾಟಕ ಭೂಕಂದಾಯ ಕಾಯ್ದೆಯ 136(2)ನೇ ಕಲಂ ಪ್ರಕಾರ ಅಸಿಸ್ಟೆಂಟ್ ಕಮಿಷನರ್ ಹತ್ತಿರ ಅಪೀಲು, ಆಮೇಲೆ 136(3)ರ ಪ್ರಕಾರ ಡಿಸಿ ಹತ್ತಿರ ರಿವಿಷನ್. ಅಲ್ಲೂ ಆಗದಿದ್ದರೆ ಬೆಂಗಳೂರಿನ ಹೈಕೋರ್ಟ್. ಧಾರವಾಡ, ಕಲಬುರಗಿ ಪೀಠಗಳಿಗೆ ಉಡುಪಿ ಜಿಲ್ಲೆ ಸೇರುವುದಿಲ್ಲ. ಅಪೀಲಿಗೆ ಅವಧಿ ಇದೆ, ತಡವಾಗಿದ್ದರೆ ಯಾವತ್ತು ಗೊತ್ತಾಯಿತು, ಹೇಗೆ ಗೊತ್ತಾಯಿತು ಅಂತ ಬರೆದು ಮಾಫಿ ಕೇಳಬೇಕು. ಎದುರಿನವರು ಜಾಗವೇ ತಮ್ಮದು ಅನ್ನುತ್ತಿದ್ದರೆ ಕುಂದಾಪುರದ ಸಿವಿಲ್ ಕೋರ್ಟ್. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಜಾಗ ಅವರದಾಗುವುದಿಲ್ಲ. ಅದೊಂದು ಊಹೆ ಅಷ್ಟೆ, ದಾಖಲೆ ತೋರಿಸಿ ಅದನ್ನು ಮುರಿಯಬಹುದು.

ಅಕ್ಕನಿಗೆ ಒಂದು ಅನುಕೂಲ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ಸಹಾಯ ಕೇಳುವ ಹಕ್ಕಿದೆ. ಕುಂದಾಪುರದ ತಾಲೂಕು ಸಮಿತಿಯಲ್ಲಿ ಅರ್ಜಿ ಕೊಡಿ. ಕಾಗದಗಳೆಲ್ಲ ಕನ್ನಡದಲ್ಲಿವೆ, ಅಲ್ಲಿ ಅನುವಾದದ ಖರ್ಚೂ ಇಲ್ಲ. ಇಲ್ಲಿನ ಹೈಕೋರ್ಟಿನಲ್ಲಾದರೆ ಒಂದೊಂದು ಪುಟವನ್ನೂ ಇಂಗ್ಲಿಷ್ ಮಾಡಿಸಬೇಕಿತ್ತು.

ಒಂದು ವಿಷಯ ನೀವು ಬರೆದಿಲ್ಲ. ಲೈಸೆನ್ಸ್ ರದ್ದಾದ ಮೇಲೆ ಹೋಟೆಲ್ ಮುಚ್ಚಿದ್ದೀರಾ, ಹಿಂದಿನ ಬಾಗಿಲಿನಿಂದ ಪಾರ್ಸೆಲ್ ನಡೆಯುತ್ತಿದೆಯಾ? ನಡೆಯುತ್ತಿದ್ದರೆ ತಡೆ ಸಿಗುವ ತನಕ ನಿಲ್ಲಿಸಿ. ಬೋರ್ಡಿನಲ್ಲಿ ನಿಮ್ಮ ನಂಬರ್ ಕರೆದಾಗ ನಿಮ್ಮ ವಕೀಲರಿಗೆ ಬರುವ ಮೊದಲ ಪ್ರಶ್ನೆ 19ನೇ ವಿಧಿಯದ್ದಾಗಿರುವುದಿಲ್ಲ. "ಹೋಟೆಲ್ ಇವತ್ತು ತೆರೆದಿದೆಯಾ?" ಅಂತ ಕೇಳುತ್ತಾರೆ.